ವಿದ್ಯಾರ್ಥಿ ಸ್ಪರ್ಧೆಗಳೂ ಪ್ರಶ್ನೆಯ ಭಾಷೆಯೂ: ಚೆಂಬೂರಿನ ನೆಲೆಯಿಂದ ಒಂದು ವಿವೇಚನೆ

ಮುಂಬಯಿಯ ಹಾರ್ಬರ್ ರೈಲುಮಾರ್ಗದಲ್ಲಿ ಚೆಂಬೂರು, ಗೋವಂಡಿ, ಮಾನಖುರ್ದ್ ಎಂಬ ಮೂರು ನಿಲ್ದಾಣಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದರ ಆಸುಪಾಸಿನಲ್ಲಿ, ಘಾಟ್ಲಾ ಗ್ರಾಮದ ಕಡೆಗೆ, ಚೆಂಬೂರು ಕರ್ನಾಟಕ ಸಂಘವು ಕಟ್ಟಿ ಬೆಳೆಸಿದ ಶಾಲೆ ಮತ್ತು ಕಾನೂನು ಕಾಲೇಜುಗಳಿವೆ. ಮೂರನೆಯದರ ಸಮೀಪದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಅಂಗವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. 1974ರಲ್ಲಿ ಆರಂಭವಾದ ಈ ಕೇಂದ್ರವು ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮತ್ತು ಖಗೋಳವಿಜ್ಞಾನಗಳ ಅಂತಾರಾಷ್ಟ್ರೀಯ ಒಲಿಂಪಿಯಾಡ್‌ಗಳಿಗೆ ಭಾರತದ ವಿದ್ಯಾರ್ಥಿ ತಂಡಗಳನ್ನು ಆಯ್ದು ಸಿದ್ಧಗೊಳಿಸುವ ಹೊಣೆ ಹೊತ್ತಿದೆ. ಗಣಿತದ ತರಬೇತಿ ಶಿಬಿರಗಳೂ ಅನೇಕ ವರ್ಷ ಇಲ್ಲಿಯೇ ನಡೆದವು. ರಸಾಯನವಿಜ್ಞಾನದ ಒಲಿಂಪಿಯಾಡ್ 2001ರಲ್ಲಿ, ಜೀವವಿಜ್ಞಾನದ್ದು 2008ರಲ್ಲಿ, ಭೌತವಿಜ್ಞಾನದ್ದು 2015ರಲ್ಲಿ, ಖಗೋಳವಿಜ್ಞಾನ ಮತ್ತು ಖಭೌತವಿಜ್ಞಾನದ್ದು 2025ರಲ್ಲಿ ಮುಂಬಯಿಯಲ್ಲೇ ಜರುಗಿದವು. ಶಾಲಾಮಕ್ಕಳ ಜ್ಞಾನಸ್ಪರ್ಧೆಯ ಅತ್ಯುನ್ನತ ರೂಪವೊಂದು ಹೀಗೆ ಚೆಂಬೂರಿನ ನೆರೆಯಲ್ಲಿದೆ.

ಚೆಂಬೂರಿನ ಕನ್ನಡಿಗರಿಗೆ ಸ್ಪರ್ಧೆ ಎಂದರೆ ತಕ್ಷಣ ನೆನಪಾಗುವುದು ಮಾತ್ರ ಇದಲ್ಲ. ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವ, ರಾಜ್ಯೋತ್ಸವ, ಮಕ್ಕಳ ದಿನಾಚರಣೆಗಳ ಸಂದರ್ಭದಲ್ಲಿ ಏರ್ಪಡುವ ಭಾಷಣ, ಪ್ರಬಂಧ, ಕವಿತಾವಾಚನ, ಭಾವಗೀತೆ, ರಸಪ್ರಶ್ನೆ, ಸುಂದರ ಬರವಣಿಗೆ ಇವೇ ಇಲ್ಲಿಯ ಕನ್ನಡ ಮಕ್ಕಳ ಸ್ಪರ್ಧೆಗಳು. ಇವೆರಡು ಬಗೆಗಳ ನಡುವೆ ಸಂಬಂಧವೇ ಇಲ್ಲವೆಂದು ತೋರಬಹುದು. ಒಂದು ಲೆಕ್ಕದಲ್ಲಿ ಇಲ್ಲ. ಆದರೆ ಸ್ಪರ್ಧೆಯಿಂದ ಮಗುವಿಗೆ ಆಗುವ ಲಾಭವೇನು ಎಂದು ಕೇಳಹೊರಟರೆ ಎರಡನ್ನೂ ಎದುರುಬದುರಾಗಿಟ್ಟು ನೋಡುವುದು ಅನಿವಾರ್ಯವಾಗುತ್ತದೆ. ಟಾಟಾ ಸಂಸ್ಥೆಯ ಗ್ರಂಥಾಲಯದಲ್ಲಿ ದುಡಿದು ಬಳಿಕ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮುಖ್ಯಸ್ಥರಾದ ಡಾ. ಶ್ರೀನಿವಾಸ ಹಾವನೂರರ ಬದುಕನ್ನು ನೆನೆದರೆ, ವಿಜ್ಞಾನದ ಮನೆಗೂ ಕನ್ನಡದ ಮನೆಗೂ ಈ ನಗರದಲ್ಲಿ ದಾರಿ ಇಲ್ಲವೆಂದು ಹೇಳುವಂತಿಲ್ಲ.

ಸ್ಪರ್ಧೆಯ ಪರವಾಗಿ ಸಾಮಾನ್ಯವಾಗಿ ಹೇಳುವ ಮಾತುಗಳು ಎಲ್ಲರಿಗೂ ಗೊತ್ತಿರುವಂಥವು: ಆತ್ಮವಿಶ್ವಾಸ ಬೆಳೆಯುತ್ತದೆ, ಸಭಾಕಂಪ ತಗ್ಗುತ್ತದೆ, ಸುಪ್ತ ಪ್ರತಿಭೆ ಹೊರಬರುತ್ತದೆ. ಬಹುಮಾನ ವಿತರಣೆಯ ಪ್ರತಿ ಸಮಾರಂಭದಲ್ಲೂ ಮುಖ್ಯ ಅತಿಥಿಗಳು ಇವನ್ನು ಹೇಳುತ್ತಾರೆ. ಸೋತವರು ನಿರಾಶರಾಗಬಾರದೆಂದು ಸೇರಿಸುತ್ತಾರೆ. ಇವು ಸುಳ್ಳಲ್ಲ, ಆದರೆ ಇವಿಷ್ಟೇ ಲಾಭವಾದರೆ ಅದಕ್ಕೆ ಕ್ರೀಡೆ ಸಾಕು, ನಾಟಕ ಸಾಕು. ವಿದ್ಯೆಯ ಸ್ಪರ್ಧೆ ಯಾಕೆ ಬೇಕು ಎಂಬುದಕ್ಕೆ ಇದು ಉತ್ತರವಾಗುವುದಿಲ್ಲ.

ವಿರೋಧದ ವಾದವೂ ದುರ್ಬಲವಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಅಮೆರಿಕದ ಮನೋವಿಜ್ಞಾನಿಗಳು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿ ತೋರುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು. ಕೆಲವರಿಗೆ ಹೇಳದೆ ಕೊನೆಗೆ ಕೊಡಲಾಯಿತು. ಉಳಿದವರಿಗೆ ಏನೂ ಇಲ್ಲ. ದಿನಗಳು ಕಳೆದ ಮೇಲೆ ಆಟದ ಹೊತ್ತಿನಲ್ಲಿ ಯಾರು ಚಿತ್ರಕ್ಕೆ ಕೈಹಾಕುತ್ತಾರೆಂದು ನೋಡಿದಾಗ, ಪ್ರಶಸ್ತಿಯ ಮಾತು ಮೊದಲೇ ಕೇಳಿದ್ದ ಮಕ್ಕಳ ಆಸಕ್ತಿ ಕುಂದಿತ್ತು. ಹೇಳದೆ ಪ್ರಶಸ್ತಿ ಪಡೆದವರಲ್ಲಿ, ಏನೂ ಪಡೆಯದವರಲ್ಲಿ ಅದು ಕುಂದಿರಲಿಲ್ಲ. ಬಹುಮಾನಕ್ಕಾಗಿ ಮಾಡಿದ ಕೆಲಸ ಬಹುಮಾನ ನಿಂತೊಡನೆ ನಿಂತುಹೋಗುವ ಅಪಾಯವನ್ನು ಈ ಪ್ರಯೋಗ ಸೂಚಿಸುತ್ತದೆ. ಮುಂಬಯಿಯ ಸ್ಪರ್ಧೆಗಳಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಕವಿತೆ ಓದಿ ಕಪ್ಪುಗಳನ್ನು ಗೆದ್ದು, ಅನಂತರ ಕನ್ನಡ ಪುಸ್ತಕವನ್ನೇ ಮುಟ್ಟದ ಮಕ್ಕಳ ಉದಾಹರಣೆ ಬಹಳ ಮನೆಗಳಲ್ಲಿ ಸಿಕ್ಕೀತು.

ಹಾಗಾದರೆ ಸ್ಪರ್ಧೆ ಬೇಡವೇ? ಇತಿಹಾಸದ ಒಂದು ನಿದರ್ಶನ ಬೇರೆ ದಾರಿಯನ್ನು ತೋರಿಸುತ್ತದೆ. 1894ರಲ್ಲಿ ಭೌತವಿಜ್ಞಾನಿ ಲೊರಾಂಡ್ ಏಟ್ವೆಷ್ ಹಂಗೆರಿಯ ಶಿಕ್ಷಣಸಚಿವನಾದ ಸಂದರ್ಭದ ನೆನಪಿಗಾಗಿ ಅಲ್ಲಿಯ ಗಣಿತ ಮತ್ತು ಭೌತವಿಜ್ಞಾನ ಸಂಘವು ಪ್ರೌಢಶಾಲೆ ಮುಗಿಸಿದ ವಿದ್ಯಾರ್ಥಿಗಳಿಗೆ ಗಣಿತ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಪ್ರಶ್ನೆಗಳು ಮೂರೇ ಮೂರು. ಶಾಲೆಯಲ್ಲಿ ಕಲಿತ ಗಣಿತದಿಂದಾಚೆಗಿನ ಯಾವ ಜ್ಞಾನವೂ ಅವುಗಳಿಗೆ ಬೇಕಿರಲಿಲ್ಲ, ಬೇಕಾದದ್ದು ಯೋಚನೆ. ಪುಸ್ತಕ ತೆರೆದು ನೋಡುವುದಕ್ಕೂ ಅಡ್ಡಿಯಿರಲಿಲ್ಲ, ಏಕೆಂದರೆ ಉತ್ತರ ಯಾವ ಪುಸ್ತಕದಲ್ಲೂ ಇರುತ್ತಿರಲಿಲ್ಲ. ಅದೇ ಕಾಲಕ್ಕೆ ಪ್ರಾಂತೀಯ ನಗರವೊಂದರ ಅಧ್ಯಾಪಕ ದಾನಿಯೆಲ್ ಅರಾನಿ ಪ್ರೌಢಶಾಲೆಯ ಮಕ್ಕಳಿಗಾಗಿಯೇ ಗಣಿತಪತ್ರಿಕೆಯನ್ನು ಹೊರಡಿಸಿದ. ತಿಂಗಳು ತಿಂಗಳೂ ಸಮಸ್ಯೆಗಳನ್ನು ಪ್ರಕಟಿಸುವುದು, ಮಕ್ಕಳು ಅಂಚೆಯಲ್ಲಿ ಕಳಿಸಿದ ಪರಿಹಾರಗಳಲ್ಲಿ ಉತ್ತಮವಾದುದನ್ನು ಅಚ್ಚುಹಾಕುವುದು, ಬಿಡಿಸಿದವರೆಲ್ಲರ ಹೆಸರು ಕೊಡುವುದು ಅದರ ಕ್ರಮ. ಸ್ಪರ್ಧೆಯಲ್ಲಿ 1898ರಲ್ಲಿ ಗೆದ್ದವನು ಮುಂದೆ ವಾಯುಯಾನ ವಿಜ್ಞಾನಕ್ಕೆ ಹೆಸರಾದ ಥಿಯೊಡೋರ್ ಫಾನ್ ಕಾರ್ಮಾನ್. 1912ರಲ್ಲಿ ಗಾಬೊರ್ ಸೆಗೊ, 1925ರಲ್ಲಿ ಎಡ್ವರ್ಡ್ ಟೆಲ್ಲರ್ ಗೆದ್ದರು. ಹಂಗೆರಿಯ ಗಣಿತಪರಂಪರೆಗೆ ಆಚಾರ್ಯಸ್ಥಾನದಲ್ಲಿ ನಿಂತ ಲಿಪೋಟ್ ಫೆಯೇರ್‌ಗೆ 1897ರಲ್ಲಿ ಬಂದದ್ದು ಎರಡನೆಯ ಬಹುಮಾನ.

ಗೆದ್ದವರ ಪಟ್ಟಿ ಆಕರ್ಷಕವಾದರೂ ಈ ಪ್ರಸಂಗದಲ್ಲಿ ಅದಕ್ಕಿಂತ ಗಮನಾರ್ಹವಾದ ಅಂಶಗಳು ಎರಡು. ಮೊದಲನೆಯದು, ಪ್ರಶ್ನೆಗಳು ಸ್ಪರ್ಧೆಯ ದಿನಕ್ಕೆ ಮುಗಿದುಹೋಗಲಿಲ್ಲ. ಅವು ಪುಸ್ತಕಗಳಾದವು, ಬೇರೆ ಭಾಷೆಗಳಿಗೆ ಹೋದವು, ಇಂದಿಗೂ ಮಕ್ಕಳು ಅವನ್ನು ಬಿಡಿಸುತ್ತಾರೆ. ಬಹುಮಾನ ಇಬ್ಬರಿಗೆ ಸಂದಿತು, ಪ್ರಶ್ನೆ ಎಲ್ಲರ ಪಾಲಿಗೂ ಬಂತು. ಎರಡನೆಯದು, ಇದೆಲ್ಲ ನಡೆದದ್ದು ಹಂಗೆರಿಯನ್ ಭಾಷೆಯಲ್ಲಿ. ಇಂದಿಗೂ ಆ ಭಾಷೆಯನ್ನಾಡುವವರು ಸುಮಾರು 1.3 ಕೋಟಿ. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ತಾಯಿನುಡಿಯೆಂದು ಬರೆಸಿದವರು ಸುಮಾರು 4.37 ಕೋಟಿ. ಸಣ್ಣ ಭಾಷೆಯಲ್ಲಿ ದೊಡ್ಡ ಪ್ರಶ್ನೆ ಕೇಳಲಾಗದೆಂಬ ಸಂಕೋಚಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರುಮೇನಿಯದಲ್ಲಿ ಏಳು ದೇಶಗಳೊಡನೆ ಮೊದಲಾಯಿತು. ಭಾರತ ಅದಕ್ಕೆ ಸೇರಿದ್ದು 1989ರಲ್ಲಿ. 1996ರಲ್ಲಿ ಮುಂಬಯಿಯಲ್ಲಿ ನಡೆದಾಗ 75 ದೇಶಗಳಿಂದ 424 ಮಕ್ಕಳು ಬಂದಿದ್ದರು. ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ದಿನಕ್ಕೆ ಮೂರು ಸಮಸ್ಯೆ, ಒಂದೊಂದಕ್ಕೆ 7 ಅಂಕ. ಭಾಗವಹಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಪದಕ ಬರುತ್ತದೆ. ಚಿನ್ನ, ಬೆಳ್ಳಿ, ಕಂಚುಗಳ ಪ್ರಮಾಣ ಸುಮಾರಾಗಿ ಒಂದಕ್ಕೆ ಎರಡು, ಮೂರು. ಪದಕ ಸಿಗದಿದ್ದರೂ ಒಂದು ಸಮಸ್ಯೆಯನ್ನು ಲೋಪವಿಲ್ಲದೆ ಬಿಡಿಸಿದವನಿಗೆ ಗೌರವೋಲ್ಲೇಖವಿದೆ. ‘ಪ್ರಥಮ, ದ್ವಿತೀಯ, ತೃತೀಯ’ ಎಂದು ಮೂವರನ್ನು ಕರೆದು ಉಳಿದ ನಲವತ್ತು ಮಕ್ಕಳನ್ನು ಮನೆಗೆ ಕಳಿಸುವ ಪದ್ಧತಿಗೆ ಹೋಲಿಸಿದರೆ ಈ ವ್ಯವಸ್ಥೆಯ ವಿವೇಕ ಅರಿವಾಗುತ್ತದೆ.

ಭಾಷಾವಿದ್ಯಾರ್ಥಿಗಳಿಗೆ ಕುತೂಹಲಕರವಾದದ್ದು ಇದರ ಇನ್ನೊಂದು ಕ್ರಮ. ಪ್ರಶ್ನೆಗಳು ಅಂತಿಮಗೊಂಡ ಮೇಲೆ ಆಯಾ ದೇಶದ ತಂಡನಾಯಕರು ಕುಳಿತು ಅವನ್ನು ತಮ್ಮ ಮಕ್ಕಳ ಭಾಷೆಗೆ ಅನುವಾದಿಸುತ್ತಾರೆ. ಅನುವಾದ ಸುಳಿವು ಕೊಡುವಂತಿರಬಾರದು, ದಾರಿ ತಪ್ಪಿಸುವಂತಿಯೂ ಇರಬಾರದು. ಹೀಗೆ ಒಂದೇ ಸಮಸ್ಯೆ ಹತ್ತಾರು ಭಾಷೆಗಳಲ್ಲಿ ಮಕ್ಕಳ ಮುಂದೆ ಬರುತ್ತದೆ. ಮಕ್ಕಳು ತಮ್ಮ ಭಾಷೆಯಲ್ಲೇ ಉತ್ತರಿಸುತ್ತಾರೆ. ಭಾಷೆಯ ಕಾರಣದಿಂದ ಯಾರೂ ಸೋಲಬಾರದೆಂಬ ನಿಯಮ ಸ್ಪರ್ಧೆಯ ರಚನೆಯಲ್ಲೇ ಅಡಕವಾಗಿದೆ. ಭಾರತದ ಕಡೆಯಿಂದ ಈ ಅವಕಾಶವನ್ನು ಕನ್ನಡ ಎಂದೂ ಬಳಸಿಕೊಂಡಂತೆ ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ಗಣಿತ ಒಲಿಂಪಿಯಾಡ್‌ಗಾಗಿ ದುಡಿದ ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ, ಸಿ. ಎಸ್. ಯೋಗಾನಂದ ಈ ಮೂವರು ಸೇರಿ ರಚಿಸಿದ ಸಮಸ್ಯಾಸಂಗ್ರಹ ದೇಶದಾದ್ಯಂತ ಬಳಕೆಯಲ್ಲಿದೆ, ಅದು ಇಂಗ್ಲಿಷಿನಲ್ಲಿದೆ. ತಜ್ಞರ ಕೊರತೆ ಕಾರಣವಲ್ಲವೆಂಬುದಕ್ಕೆ ಇಷ್ಟು ಸಾಕು.

ಪ್ರಶ್ನೆಯ ಭಾಷೆ ಬದಲಾದರೆ ಸ್ಪರ್ಧೆಯ ಬಾಗಿಲು ಯಾರಿಗೆ ತೆರೆಯುತ್ತದೆಂಬುದೂ ಬದಲಾಗುತ್ತದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮತ್ತು ತರಬೇತಿ ಪರಿಷತ್ತು 1963ರಲ್ಲಿ ದಿಲ್ಲಿಯಲ್ಲಿ ಹತ್ತು ವಿದ್ಯಾರ್ಥಿವೇತನಗಳೊಡನೆ ಆರಂಭಿಸಿ ಮರುವರ್ಷ ದೇಶಕ್ಕೆಲ್ಲ ವಿಸ್ತರಿಸಿದ ವಿಜ್ಞಾನ ಪ್ರತಿಭಾನ್ವೇಷಣ ಪರೀಕ್ಷೆ ಮೊದಲ ವರ್ಷಗಳಲ್ಲಿ ಇಂಗ್ಲಿಷ್ ಬಲ್ಲ ನಗರದ ಮಕ್ಕಳಿಗೆ ಅನುಕೂಲವಾಗಿತ್ತು. 1976ರಲ್ಲಿ ಅದು ರಾಷ್ಟ್ರೀಯ ಪ್ರತಿಭಾನ್ವೇಷಣ ಪರೀಕ್ಷೆಯೆಂದು ರೂಪಾಂತರಗೊಂಡಾಗ ಸಮಾಜವಿಜ್ಞಾನಗಳು ಸೇರಿದವು, ಸಂವಿಧಾನ ಮನ್ನಿಸಿದ ಭಾರತೀಯ ಭಾಷೆಗಳಲ್ಲಿ ಬರೆಯಲು ಅವಕಾಶವಾಯಿತು. ಈ ಯೋಜನೆಗೆ 2021ರ ಮಾರ್ಚಿನವರೆಗೆ ಮಾತ್ರ ಮಂಜೂರಾತಿಯಿತ್ತು. ಆಮೇಲೆ ಅದು ಸ್ಥಗಿತಗೊಂಡಿತು. ಕನ್ನಡದಲ್ಲಿ ಬರೆಯಬಹುದಾಗಿದ್ದ ರಾಷ್ಟ್ರಮಟ್ಟದ ಸ್ಪರ್ಧೆಯೊಂದು ನಿಂತದ್ದು ಕನ್ನಡದ ವಲಯದಲ್ಲಿ ಹೆಚ್ಚು ಚರ್ಚೆಗೆ ಬರಲಿಲ್ಲ.

ಮಾನಖುರ್ದಿನ ಕೇಂದ್ರವೂ ತನ್ನ ಆರಂಭದ ವರ್ಷಗಳಲ್ಲಿ ಈ ವಿಷಯವನ್ನು ಬೇರೊಂದು ದಿಕ್ಕಿನಿಂದ ಮುಟ್ಟಿತ್ತು. ಅದರ ಸ್ಥಾಪಕ ನಿರ್ದೇಶಕರಾದ ವಿ. ಜಿ. ಕುಲಕರ್ಣಿ ಮತ್ತು ಸಹೋದ್ಯೋಗಿ ಎಸ್. ಸಿ. ಆಗರ್ಕರ್ ಅವರು 1980ರ ದಶಕದ ಆದಿಯಲ್ಲಿ ಮುಂಬಯಿಯ ನಗರಪಾಲಿಕೆ ಶಾಲೆಗಳ ಪರಿಶಿಷ್ಟ ಜಾತಿಯ ಮಕ್ಕಳಲ್ಲಿ ಪ್ರತಿಭೆಯನ್ನು ಗುರುತಿಸಿ ಪೋಷಿಸುವ ಯೋಜನೆಯೊಂದನ್ನು ನಡೆಸಿ, 1985ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಈ ಮಕ್ಕಳಿಗೆ ವಿಜ್ಞಾನ ಕಷ್ಟವಾದದ್ದು ಬುದ್ಧಿಯ ಕೊರತೆಯಿಂದಲ್ಲ. ಪಠ್ಯದ ಗ್ರಾಂಥಿಕ ಭಾಷೆಯೇ ದೊಡ್ಡ ಅಡ್ಡಿಯಾಗಿತ್ತು. ಓದುವ, ಮಾತಾಡುವ, ಬರೆಯುವ ಅಭ್ಯಾಸವನ್ನು ಬೆಳೆಸಿದಾಗ ವಿಜ್ಞಾನ ಗಣಿತಗಳಲ್ಲೂ ಅವರ ಸಾಧನೆ ಏರಿತು. ತಾಯಿನುಡಿಯಲ್ಲಿ ಕೇಳಿದ ಮಾತ್ರಕ್ಕೆ ಪ್ರಶ್ನೆ ಮಗುವಿನದಾಗುವುದಿಲ್ಲ, ಅದು ಮಗುವಿಗೆ ತಿಳಿಯುವ ನುಡಿಯೂ ಆಗಿರಬೇಕೆಂಬುದು ಇದರಿಂದ ಹೊರಡುವ ಪಾಠ. ಕನ್ನಡ ಸ್ಪರ್ಧೆಗಳ ಪ್ರಶ್ನೆಪತ್ರಿಕೆ ರಚಿಸುವ ವಿದ್ವಾಂಸರು ಈ ಮಾತನ್ನು ಸ್ವಲ್ಪ ಹೆಚ್ಚಾಗಿಯೇ ಗಮನಿಸಬೇಕಾಗಿದೆ.

ಮಹಾರಾಷ್ಟ್ರದ ಶಾಲೆಗಳಲ್ಲಿ ನಡೆಯುವ ವಿದ್ಯಾರ್ಥಿವೇತನ ಪರೀಕ್ಷೆಯನ್ನು ಕನ್ನಡ ಮಾಧ್ಯಮದ ಮಕ್ಕಳೂ ಬರೆಯುತ್ತ ಬಂದಿದ್ದಾರೆ. ಬಹಳ ಕಾಲ ನಾಲ್ಕು ಮತ್ತು ಏಳನೆಯ ತರಗತಿಗಳಿಗಿದ್ದ ಇದು 2016-17ರಿಂದ ಐದು ಮತ್ತು ಎಂಟನೆಯ ತರಗತಿಗಳಿಗೆ ಬದಲಾಯಿತು. ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆಯಾದುದರಿಂದ ಇದರ ಪ್ರಯೋಜನ ಸೀಮಿತ. ಆದರೂ ಪಠ್ಯದ ಹೊರಗೆ ಒಂದು ಕನ್ನಡ ಪ್ರಶ್ನೆಯನ್ನು ಕಾಣುವ ಅವಕಾಶ ಅನೇಕ ಮಕ್ಕಳಿಗೆ ಇದೊಂದೇ.

ಗಡಿಯಾಚೆಗಿನ ಇನ್ನೊಂದು ಕನ್ನಡ ಪ್ರದೇಶದ ಸ್ಥಿತಿ ಸ್ವಲ್ಪ ಭಿನ್ನ. ಕೇರಳ ಸರಕಾರ 1957ರಿಂದ ನಡೆಸುತ್ತಿರುವ ಶಾಲಾ ಕಲೋತ್ಸವದಲ್ಲಿ ಕಾಸರಗೋಡಿನ ಮಕ್ಕಳಿಗಾಗಿ ಕನ್ನಡ ಪದ್ಯವಾಚನ, ಕನ್ನಡ ಭಾಷಣಗಳೂ ಇವೆ, ಯಕ್ಷಗಾನಕ್ಕೂ ಸ್ಥಾನವಿದೆ. ಮಲೆಯಾಳವೇ ತುಂಬಿದ ಉತ್ಸವದಲ್ಲಿ ಕನ್ನಡಕ್ಕೆ ಸಿಕ್ಕಿರುವ ಈ ಅಧಿಕೃತ ಮನ್ನಣೆಯ ಬೆಲೆ ಅಲ್ಲಿಯ ಅಧ್ಯಾಪಕರಿಗೆ ಗೊತ್ತು. ಕೃಪಾಂಕಗಳ ಆಸೆ, ತೀರ್ಪಿನ ಮೇಲೆ ಮೇಲ್ಮನವಿ, ನ್ಯಾಯಾಲಯದ ಮೆಟ್ಟಿಲು ಇವೂ ಆ ಉತ್ಸವದ ಅಂಗಗಳಾಗಿಬಿಟ್ಟಿರುವುದನ್ನು ಮರೆಯುವಂತಿಲ್ಲ. ಮುಂಬಯಿಯಲ್ಲಿ ಇಂಥ ವೇದಿಕೆಯನ್ನೊದಗಿಸುವ ಭಾರ ಬಹುಮಟ್ಟಿಗೆ ಸಂಘಸಂಸ್ಥೆಗಳ ಮೇಲೆ ಬಿತ್ತು. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರ ಕಾಲದಿಂದಲೂ ಅವು ಇದನ್ನು ನಿರ್ವಹಿಸಿವೆ. ಪ್ರೇಕ್ಷಕರ ಎದುರು ಕನ್ನಡದಲ್ಲಿ ನಾಲ್ಕು ಮಾತಾಡುವ ಮೊದಲ ಅವಕಾಶ ಆ ಹುಡುಗರಿಗೆ ದೊರೆತದ್ದು ಇಂಥ ಸ್ಪರ್ಧೆಗಳಲ್ಲೇ.

ಆದರೆ ಈಗ ಪರಿಸ್ಥಿತಿ ಬದಲಾಗಿದೆ. ಮುಂಬಯಿಯ ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಬರಿದಾಗುತ್ತಿವೆ, ಕೆಲವು ಶಾಲೆಗಳು ಮುಚ್ಚಿವೆ. ಸ್ಪರ್ಧೆಗೆ ಬರುವ ಮಕ್ಕಳಲ್ಲಿ ಬಹುಮಂದಿ ಇಂಗ್ಲಿಷ್ ಮಾಧ್ಯಮದವರು. ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ ಕೇಳಿಬರುತ್ತದೆ. ಬೀದಿಯಲ್ಲಿ ಹಿಂದಿ, ಮರಾಠಿ. ಕನ್ನಡ ಲಿಪಿ ಬಾರದೆ ಕವಿತೆಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವವರೂ ಇದ್ದಾರೆ. ಇಂಥ ಮಗುವಿಗೆ ‘ಕನ್ನಡ ನಾಡಿನ ಹಿರಿಮೆ’ ಎಂಬ ವಿಷಯ ಕೊಟ್ಟು ಐದು ನಿಮಿಷ ಮಾತಾಡಲು ಹೇಳಿದರೆ ಏನಾಗುತ್ತದೆಂಬುದನ್ನು ಸಭಿಕರೆಲ್ಲ ಬಲ್ಲರು. ತಂದೆಯೋ ಅಧ್ಯಾಪಕರೋ ಬರೆದುಕೊಟ್ಟ ಭಾಷಣ ವೇದಿಕೆಯ ಮೇಲೆ ಒಪ್ಪಿಸಲ್ಪಡುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ತಾಯಿಯ ತುಟಿಗಳು ಅದೇ ಮಾತುಗಳಿಗೆ ಆಡುತ್ತಿರುತ್ತವೆ. ಒಂದು ವಾಕ್ಯ ಮರೆತರೆ ಇಡೀ ಭಾಷಣ ನಿಂತಿತು. ತೀರ್ಪುಗಾರರು ಉಚ್ಚಾರಕ್ಕೆ ಇಷ್ಟು, ಹಾವಭಾವಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ವಿಚಾರಕ್ಕೆ ಹಾಕುವ ಅಂಕ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ರಸಪ್ರಶ್ನೆಯ ಸ್ಥಿತಿಯೂ ಇದೇ: ಜ್ಞಾನಪೀಠ ಪಡೆದವರ ಹೆಸರು, ಕವಿಗಳ ಕಾವ್ಯನಾಮ, ಜನ್ಮಸ್ಥಳ. ಇವು ತಿಳಿದಿರಬೇಕಾದ ಸಂಗತಿಗಳೇ ಹೌದು, ಆದರೆ ಇವುಗಳಿಗಾಗಿ ಮಗು ಏನನ್ನೂ ಯೋಚಿಸಬೇಕಾಗಿಲ್ಲ. ಕವಿತಾವಾಚನ ಮಾತ್ರ ಈ ಆಕ್ಷೇಪಕ್ಕೆ ಪೂರ್ತಿಯಾಗಿ ಗುರಿಯಾಗುವುದಿಲ್ಲ. ಒಳ್ಳೆಯ ಪದ್ಯದ ಲಯ ನಾಲಗೆಗೆ ಹತ್ತಿದರೆ ಅದರಷ್ಟಕ್ಕೆ ಅದೇ ಒಂದು ಸಂಪಾದನೆ.

ಕೊರತೆ ಇರುವುದು ಮಕ್ಕಳಲ್ಲಲ್ಲ, ಪ್ರಶ್ನೆಯಲ್ಲಿ. ಭಾಷೆಯನ್ನೇ ಕುರಿತು ಯೋಚಿಸುವಂಥ ಪ್ರಶ್ನೆಗಳು ಸಾಧ್ಯವೇ ಎಂದರೆ, ಅದಕ್ಕೂ ಜಗತ್ತಿನಲ್ಲಿ ಮಾದರಿಯಿದೆ. 1965ರಲ್ಲಿ ಮಾಸ್ಕೋದಲ್ಲಿ ಶಾಲಾಮಕ್ಕಳಿಗಾಗಿ ಭಾಷಾವಿಜ್ಞಾನದ ಒಲಿಂಪಿಯಾಡ್ ಆರಂಭವಾಯಿತು; 2003ರಿಂದ ಅದು ಅಂತಾರಾಷ್ಟ್ರೀಯ ಸ್ಪರ್ಧೆಯಾಗಿದೆ. 2016ರಲ್ಲಿ ಅದು ನಡೆದದ್ದು ಮೈಸೂರಿನಲ್ಲಿ. ಸ್ಪರ್ಧಿಗೆ ಎಂದೂ ಕೇಳಿರದ ಭಾಷೆಯೊಂದರ ಕೆಲವು ಪದಗಳನ್ನೋ ವಾಕ್ಯಗಳನ್ನೋ ಅರ್ಥದೊಡನೆ ಕೊಡುತ್ತಾರೆ. ಅವುಗಳನ್ನು ಹೋಲಿಸಿ ಆ ಭಾಷೆಯ ನಿಯಮವನ್ನು ಅವನೇ ಕಂಡುಹಿಡಿಯಬೇಕು, ಕಂಡುಹಿಡಿದ ನಿಯಮದಿಂದ ಹೊಸ ವಾಕ್ಯ ಕಟ್ಟಬೇಕು. ಮೊದಲೇ ಓದಿ ಬರುವುದಕ್ಕೆ ಅಲ್ಲಿ ಏನೂ ಇಲ್ಲ.

ಈ ಕ್ರಮವನ್ನು ಚೆಂಬೂರಿನ ಮಗುವಿನ ಮುಂದಿಡಲು ದೂರದ ಭಾಷೆಯನ್ನು ಹುಡುಕಬೇಕಾಗಿಲ್ಲ. ಎಂಟನೆಯ ತರಗತಿಯ ವಿದ್ಯಾರ್ಥಿಗೆ ಹಳಗನ್ನಡದ ಪೂ, ಪಾಲ್, ಪಲ್, ಪುಳಿ, ಪಂದಿ, ಪೊಸ ಎಂಬ ಮಾತುಗಳನ್ನೂ ಅವಕ್ಕೆ ಎದುರಾಗಿ ಹೂ, ಹಾಲು, ಹಲ್ಲು, ಹುಳಿ, ಹಂದಿ, ಹೊಸ ಎಂಬ ಇಂದಿನ ರೂಪಗಳನ್ನೂ ಕೊಟ್ಟು, ಪೆಸರ್, ಪೋಗು ಎಂಬವುಗಳ ಇಂದಿನ ರೂಪವನ್ನು ಕೇಳಬಹುದು. ಇದು ಸುಲಭ. ಆದರೆ ತುಳು ಮನೆಮಾತಿನ ಮಗು ಇಲ್ಲಿ ಇನ್ನೊಂದನ್ನು ಗಮನಿಸುತ್ತದೆ: ಅಜ್ಜಿಯ ಬಾಯಲ್ಲಿ ಇವು ಇಂದಿಗೂ ಪೂ, ಪುಳಿ, ಪಂಜಿ, ಪೊಸ. ನೆರೆಮನೆಯ ತಮಿಳು ಗೆಳೆಯನಿಗಂತೂ ಪೂ, ಪಾಲ್, ಪಲ್, ಪುಳಿ ಇವೆಲ್ಲ ದಿನಬಳಕೆಯ ಮಾತುಗಳು. ಚೆಂಬೂರಿನಲ್ಲಿ ತಮಿಳರಿಗೇನು ಕಡಮೆ! ಪಕಾರ ಹಕಾರವಾದದ್ದು ಕನ್ನಡದಲ್ಲಿ, ಹತ್ತನೆಯ ಶತಮಾನದ ಸುಮಾರಿಗೆ ತೋರತೊಡಗಿ ನಡುಗನ್ನಡದ ಹೊತ್ತಿಗೆ ವ್ಯಾಪಿಸಿದ ಬದಲಾವಣೆಯೆಂದು ಎಂ.ಎ. ತರಗತಿಯಲ್ಲಿ ಓದುವ ವಿಷಯವನ್ನು ಮಗು ತನ್ನ ಅಡುಗೆಮನೆಯ ಸಾಕ್ಷ್ಯದಿಂದಲೇ ಊಹಿಸಬಲ್ಲದು.

ಮುಂದಿನ ಮೆಟ್ಟಿಲು ಸ್ವಲ್ಪ ಎತ್ತರದ್ದು. ಕೋಳಿ, ಬಾಳೆ, ಹುಳು, ಹುಳಿ, ಮುಳ್ಳು ಈ ಐದರಲ್ಲೂ ಇಂದಿನ ಕನ್ನಡಕ್ಕೆ ಒಂದೇ ಳಕಾರ. ತುಳುವಿನಲ್ಲಿ ಇವು ಕೋರಿ, ಬಾರೆ, ಪುರಿ, ಪುಳಿ, ಮುಳ್ಳು. ಮೊದಲ ಮೂರರಲ್ಲಿ ರಕಾರ, ಉಳಿದ ಎರಡರಲ್ಲಿ ಳಕಾರ. ಈ ವ್ಯತ್ಯಾಸಕ್ಕೆ ಕಾರಣವೇನಿರಬಹುದೆಂದು ಕೇಳಿದರೆ ಹದಿನಾಲ್ಕು ವರ್ಷದ ಹುಡುಗಿ ಕೊಡಬಹುದಾದ ಸರಿಯಾದ ಉತ್ತರ: ಕನ್ನಡದಲ್ಲಿ ಹಿಂದೆ ಎರಡು ಬೇರೆ ಬೇರೆ ಧ್ವನಿಗಳಿದ್ದು ಈಗ ಒಂದಾಗಿರಬೇಕು. ಹಳಗನ್ನಡದ ಕೋೞಿ, ಬಾೞೆ, ಪುೞು ಎಂಬ ರೂಪಗಳನ್ನು ಅವಳು ಕಂಡೇ ಇರುವುದಿಲ್ಲ, ರೞದ ಹೆಸರನ್ನೂ ಕೇಳಿರುವುದಿಲ್ಲ. ಈ ಅಕ್ಷರದ ಬಳಕೆಯಲ್ಲಿ ಜನ ಎಡವುತ್ತಿದ್ದಾರೆಂದು ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಚೆಂಬೂರಿನ ಹೋಟೆಲಿನಲ್ಲಿ ಕೋರಿರೊಟ್ಟಿ ತಿನ್ನುವ ಮಗುವಿಗೆ ಆ ಪಟ್ಟಿಯ ಒಳದಾರಿಯೊಂದು ಆಗಲೇ ಗೊತ್ತಿದೆ. ಮನೆಯ ತುಳು ಕನ್ನಡಕ್ಕೆ ಅಡ್ಡಿಯೆಂದು ಹೇಳಿಸಿಕೊಂಡು ಬೆಳೆದ ಮಗು ಈ ಒಂದು ಪ್ರಶ್ನೆಯಲ್ಲಾದರೂ ಬೆಂಗಳೂರಿನ ಮಗುವಿಗಿಂತ ಮುಂದಿರುತ್ತದೆ.

ಮರಾಠಿಯೂ ಇಂಥ ಸಾಮಗ್ರಿಯನ್ನು ಧಾರಾಳವಾಗಿ ಒದಗಿಸುತ್ತದೆ. ತರಕಾರಿ ಮಾರುಕಟ್ಟೆಯಲ್ಲಿ ಹಿಂದಿಯವನು ಧನಿಯಾ ಎನ್ನುವುದನ್ನು ಮರಾಠಿಯವಳು ಕೋಥಿಂಬೀರ ಎನ್ನುತ್ತಾಳೆ, ಕನ್ನಡಿತಿ ಕೊತ್ತಂಬರಿ ಎನ್ನುತ್ತಾಳೆ. ಸಂಸ್ಕೃತದಲ್ಲಿ ಕುಸ್ತುಂಬುರು ಎಂಬ ರೂಪವಿದೆ. ಯಾವುದು ಯಾವುದರಿಂದ ಬಂತೆಂದು ತೀರ್ಮಾನಿಸಲು ಮಗುವಿಗೆ ಸಾಧ್ಯವಾಗದು, ಆಗಬೇಕಾಗಿಯೂ ಇಲ್ಲ. ಹೀಗಿರಬಹುದೆಂದು ಹೇಳಿ ಕಾರಣ ಕೊಟ್ಟರೆ ಅಂಕ ಸಲ್ಲಬೇಕು. ಪ್ರಬಂಧ ಸ್ಪರ್ಧೆಗೂ ಇದೇ ನೀತಿ ಅನ್ವಯಿಸುತ್ತದೆ: ಮನೆಯಿಂದ ಶಾಲೆಯವರೆಗಿನ ದಾರಿಯ ಬೋರ್ಡುಗಳಲ್ಲಿ ಯಾವ ಯಾವ ಭಾಷೆ, ಯಾವ ಲಿಪಿ ಕಂಡಿತು, ಯಾವ ಅಂಗಡಿಯಲ್ಲಿ ಯಾವುದು, ಯಾಕಿರಬಹುದು ಎಂದು ಬರೆಯಹೇಳಿದರೆ ಅದನ್ನು ತಂದೆ ಬರೆದುಕೊಡುವುದು ಕಷ್ಟ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ತನ್ನ ಊರಿನ ಸಮಸ್ಯೆಯನ್ನು ಆಯ್ದು ತನ್ನ ಭಾಷೆಯಲ್ಲೇ ವರದಿ ಮಾಡುವ ಅವಕಾಶವನ್ನು ಮಕ್ಕಳಿಗೆ ಕೊಟ್ಟಿದೆ. ಭಾಷಾಧ್ಯಯನದಲ್ಲಿ ಅಂಥದೊಂದು ಪ್ರಯತ್ನ ನಡೆಯದಿರಲು ಕಾರಣ ತೋರುವುದಿಲ್ಲ.

ಇಂಥ ಪ್ರಶ್ನೆಗಳನ್ನು ರಚಿಸುವುದು ಸುಲಭವಲ್ಲ. ಸಭಾಂಗಣ, ಫಲಕ, ಕಪ್ಪು, ಚಹಾತಿಂಡಿಗಳ ವ್ಯವಸ್ಥೆಯನ್ನು ಸಂಘಗಳು ಅಚ್ಚುಕಟ್ಟಾಗಿ ಮಾಡಬಲ್ಲವು. ಪ್ರಶ್ನೆಯನ್ನು ಮಾಡಬೇಕಾದವರು ಭಾಷೆ ಬಲ್ಲವರು. ವಿಶ್ವವಿದ್ಯಾಲಯದ ಕನ್ನಡ ವಿಭಾಗದವರನ್ನು ಸಾಮಾನ್ಯವಾಗಿ ತೀರ್ಪುಗಾರರೆಂದು ಕರೆಯುವುದು ರೂಢಿ. ಸ್ಪರ್ಧೆ ಮುಗಿಯುವ ಹೊತ್ತಿಗೆ ಕರೆಯುವ ಬದಲು ಎರಡು ತಿಂಗಳು ಮೊದಲು ಕರೆದರೆ ಹೆಚ್ಚು ಪ್ರಯೋಜನ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಭಾಷಾವಿಜ್ಞಾನದ ಪತ್ರಿಕೆಯ ಅಂಗವಾಗಿ ಮಕ್ಕಳಿಗಾಗಿ ಒಂದು ಸಮಸ್ಯೆ ರಚಿಸುವ ಕೆಲಸ ಕೊಟ್ಟರೆ ಅದೂ ಒಂದು ಬಗೆಯ ಪರೀಕ್ಷೆಯೇ ಆದೀತು. ದತ್ತಾಂಶ ಸಾಲದಿದ್ದರೆ ಮಗು ತಪ್ಪು ನಿಯಮ ಕಟ್ಟುತ್ತದೆ, ಹೆಚ್ಚಾದರೆ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಸ್ಪರ್ಧೆ ಮುಗಿದ ಮೇಲಿನ ಕೆಲಸವೂ ಇದೆ. ಈಗಿನ ರೂಢಿಯಲ್ಲಿ ಗೆದ್ದವರ ಹೆಸರು, ಭಾವಚಿತ್ರ, ಬಹುಮಾನದ ದಾನಿಗಳ ಹೆಸರು ಪತ್ರಿಕೆಗಳಲ್ಲಿ ಬರುತ್ತವೆ. ಕೇಳಿದ ಪ್ರಶ್ನೆ ಏನೆಂಬುದು ಎಲ್ಲೂ ಬರುವುದಿಲ್ಲ. ಮುಂಬಯಿಯಲ್ಲಿ ‘ನೇಸರು’, ‘ಮೊಗವೀರ’, ‘ಅಕ್ಷಯ’ದಂಥ ಸಂಸ್ಥಾಪತ್ರಿಕೆಗಳ ಪರಂಪರೆಯಿದೆ, ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಕ್ಕಳಿಗಾಗಿ ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯಬಹುದೆಂದು ತೋರಿಸಿಕೊಟ್ಟಿದೆ. ಅರಾನಿಯ ಪತ್ರಿಕೆ ಮಾಡಿದಂತೆ ಪ್ರಶ್ನೆಯನ್ನೂ ಒಂದೆರಡು ಮಕ್ಕಳ ಉತ್ತರಗಳನ್ನೂ ಅವರ ಮಾತುಗಳಲ್ಲೇ ಅಚ್ಚುಹಾಕಲು ಅರ್ಧ ಪುಟ ಸಾಕು. ಸ್ಪರ್ಧೆಗೆ ಬಾರದ ಮಗುವೂ ಮನೆಯಲ್ಲಿ ಕುಳಿತು ಅದನ್ನು ಬಿಡಿಸಬಹುದು. ಎಷ್ಟೋ ಸಲ ಅಪ್ಪನೋ ಅಜ್ಜನೋ ಜೊತೆಗೆ ಕೂಡಿಕೊಳ್ಳುತ್ತಾರೆ.

ಅಂಥ ಅರ್ಧ ಪುಟಕ್ಕೆ ಸಲ್ಲುವ ಒಂದು ಪ್ರಶ್ನೆಯನ್ನು ಹೀಗೆ ರಚಿಸಬಹುದು. ಪುಸ್ತಕ, ಪತ್ರ, ಪಾಠ ಇವು ಸಂಸ್ಕೃತದಿಂದ ಬಂದು ಪಕಾರವನ್ನು ಉಳಿಸಿಕೊಂಡಿವೆ. ಪರ್ವ, ಪಕ್ಷಿ ಇವೂ ಅಲ್ಲಿಯವೇ. ಆದರೆ ಇವುಗಳಿಂದಾದ ಹಬ್ಬ, ಹಕ್ಕಿಗಳಲ್ಲಿ ಹಕಾರವಿದೆ, ತುಳುವಿನಲ್ಲಿ ಇವು ಪರ್ಬ, ಪಕ್ಕಿ. ಹಾಗಾದರೆ ಹಬ್ಬವೂ ಪುಸ್ತಕವೂ ಕನ್ನಡಕ್ಕೆ ಒಂದೇ ಕಾಲದಲ್ಲಿ ಬಂದ ಮಾತುಗಳೇ? ಇದಕ್ಕೆ ಹತ್ತು ಅಂಕ. ಎರಡನೆಯ ಭಾಗ: ಹಳಗನ್ನಡದ ಪಡೆ ಎಂಬ ಕ್ರಿಯಾಪದ ಇಂದು ಪಡೆ ಎಂದೂ ಹಡೆ ಎಂದೂ ಎರಡಾಗಿ ಉಳಿದಿದೆ, ಬಹುಮಾನವನ್ನು ಪಡೆಯುತ್ತಾರೆ, ಮಗುವನ್ನು ಹಡೆಯುತ್ತಾರೆ. ಒಂದು ಮಾತು ಹೀಗೆ ಎರಡಾದದ್ದು ಹೇಗಿರಬಹುದು? ಇದಕ್ಕೆ ಎಷ್ಟು ಅಂಕವೆಂಬುದನ್ನು ಮಕ್ಕಳ ಉತ್ತರಗಳನ್ನು ಓದಿದ ಮೇಲೆ ನಿರ್ಧರಿಸಿದರಾಯಿತು.